ಅರ್ಧ ಸಾಲಿಗೇ ಗುರುತು ಸಿಗುವ ದನಿಗಳು: ರಾಕ್, ಪಾಪ್ ಗಾಯಕರ ಬಗ್ಗೆ ಮಾತಾಡೋಣ

ಕ್ಯಾಸೆಟ್ಟಿನ ಎರಡನೇ ಬದಿ:

ನಮ್ಮ ಈ ಕೂಟದಲ್ಲಿ ಗಿಟಾರ್ ವಾದಕರ ಬಗ್ಗೆ ಆಗಿರುವಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ. ಯಾರ ಬೆರಳು ಎಷ್ಟು ಚುರುಕು, ಯಾರು ಯಾವ ತಂತಿ ಕಟ್ಟುತ್ತಿದ್ದರು ಎಂದು ಪುಟಗಟ್ಟಲೆ ಬರೆದಿದ್ದೇವೆ. ಹಾಡುವವರ ವಿಷಯ ಬಂದಾಗ ಮಾತ್ರ ‘ಎಂಥ ಕಂಠ!’ ಎಂದು ಕೈಮುಗಿದು ಮುಂದೆ ಹೋಗುತ್ತೇವೆ. ಆ ಕಂಠದಲ್ಲಿ ಏನಿದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಈ ಚರ್ಚೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಹೊಡೆಯುವವರಿಗೆ ಅನುಕೂಲವಾಗಲಿ. ರಾಕ್ ಮತ್ತು ಪಾಪ್‌ನಲ್ಲಿ ಒಳ್ಳೆಯ ಶಾರೀರಕ್ಕಿಂತ ಗುರುತುಳ್ಳ ಶಾರೀರ ದೊಡ್ಡದು. ಶ್ರುತಿಶುದ್ಧವಾಗಿ ಮೂರು ಸ್ಥಾಯಿ ಓಡಾಡುವವರು ದೂರದರ್ಶನದ ಸ್ಪರ್ಧೆಗಳಲ್ಲಿ ಪ್ರತಿ ವರ್ಷ ಸಿಗುತ್ತಾರೆ. ಹಾಡು ಮುಗಿದ ಮೇಲೆ ಹಾಡಿದವರು ಯಾರೆಂದು ನೆನಪಿರುವುದಿಲ್ಲ. ಇನ್ನು ಕೆಲವರಿದ್ದಾರೆ. ಒಂದೂವರೆ ಸ್ಥಾಯಿಯೊಳಗೇ ತಡಕಾಡುತ್ತಾರೆ, ಮೂಗಿನಲ್ಲಿ ಹಾಡುತ್ತಾರೆ, ಒಡೆದ ದನಿಯಲ್ಲಿ ಅರಚುತ್ತಾರೆ. ಪಕ್ಕದ ಮನೆಯ ರೇಡಿಯೋದಿಂದ ಅರ್ಧ ಸಾಲು ತೇಲಿ ಬಂದರೂ ಇವರೇ ಎಂದು ಗೊತ್ತಾಗುತ್ತದೆ. ಬಹಳ ಸಲ ಆ ಗುರುತನ್ನು ಕೊಟ್ಟಿರುವುದು ಅವರ ದನಿಯ ಕೊರತೆಯೇ.

ನಿಯಮ ಒಂದೇ. ಬರಿಯ ಹೆಸರು ಹಾಕಿ ಓಡಬೇಡಿ. ಯಾವ ಹಾಡು, ಅದರಲ್ಲಿ ಆ ದನಿ ಏನು ಮಾಡುತ್ತದೆ ಎಂದು ಬರೆಯಿರಿ.

ನನ್ನ ಆಯ್ಕೆ ಜಾನ್ ಲೆನನ್, ‘ಟ್ವಿಸ್ಟ್ ಅಂಡ್ ಶೌಟ್’. 1963ರ ಫೆಬ್ರವರಿ 11ರಂದು ಬೀಟಲ್ಸ್ ಲಂಡನ್ನಿನ ಸ್ಟುಡಿಯೋದಲ್ಲಿ ಕುಳಿತು ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ಲೆನನ್‌ಗೆ ನೆಗಡಿ. ಈ ಹಾಡು ಗಂಟಲನ್ನು ಹರಿದುಹಾಕುತ್ತದೆ ಎಂದು ಗೊತ್ತಿದ್ದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅದನ್ನು ಕೊನೆಗೆ ಉಳಿಸಿದ್ದರು. ಮೊದಲ ಸಲ ಹಾಡಿದ್ದೇ ಆಲ್ಬಮ್ಮಿನಲ್ಲಿದೆ. ಎರಡನೇ ಸಲಕ್ಕೆ ದನಿಯೇ ಉಳಿದಿರಲಿಲ್ಲ. ಕೊನೆಯ ಭಾಗದಲ್ಲಿ ಸ್ವರದ ಸುತ್ತ ಇರಬೇಕಾದ ಮಾಂಸವೆಲ್ಲ ಹೋಗಿ ಬರಿಯ ಎಲುಬು ಕೇಳಿಸುತ್ತದೆ. ಮಾರನೆಯ ದಿನ ಚೆನ್ನಾಗಿ ನಿದ್ದೆ ಮಾಡಿ ಬಂದು ಹಾಡಿದ್ದರೆ ಆ ಹಾಡು ಇಂದು ಯಾರಿಗೂ ಬೇಕಾಗುತ್ತಿರಲಿಲ್ಲ.

ತಮಾಷೆ ಏನೆಂದರೆ ಲೆನನ್‌ಗೆ ತಮ್ಮ ದನಿ ಕಂಡರೆ ಆಗುತ್ತಿರಲಿಲ್ಲ. ಒಂದರ ಮೇಲೊಂದು ದನಿ ಕೂರಿಸಿ ಮರೆಮಾಡಿ ಎನ್ನುತ್ತಿದ್ದರು; ಎರಡೆರಡು ಸಲ ಹಾಡುವುದಕ್ಕೂ ಬೇಸರ. ಆ ಗೋಳಿಗೆ ಪರಿಹಾರವಾಗಿ 1966ರಲ್ಲಿ ಅಬೇ ರೋಡ್ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್ಸೆಂಡ್ ಟೇಪ್ ಯಂತ್ರಗಳನ್ನು ಜೋಡಿಸಿ, ಒಂದೇ ದನಿಯನ್ನು ಕ್ಷಣಾರ್ಧ ಹಿಂದುಮುಂದಾಗಿಸಿ ಎರಡಾಗಿ ಕೇಳಿಸುವ ಉಪಾಯ ಕಂಡುಹಿಡಿದರು.

ತಾರಷಡ್ಜ:

ಯಾರಾದರೂ ಹೇಳಲೇಬೇಕಲ್ಲ, ನಾನೇ ಹೇಳುತ್ತೇನೆ: ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ. ಕೊರತೆಯೇ ಗುರುತು ಎಂಬ ನಿಮ್ಮ ವಾದಕ್ಕೆ ಈ ಮನುಷ್ಯ ಹೇಗೆ ಹೊಂದುತ್ತಾರೆ ನೋಡೋಣ.

1946ರಲ್ಲಿ ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫಾರುಖ್ ಬಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ವಸತಿ ಶಾಲೆಯಲ್ಲಿ; ಫ್ರೆಡ್ಡಿ ಎಂಬ ಹೆಸರು ಬಂದದ್ದೂ, ‘ದಿ ಹೆಕ್ಟಿಕ್ಸ್’ ಎಂಬ ಶಾಲಾ ತಂಡದಲ್ಲಿ ಪಿಯಾನೋ ಹಿಡಿದದ್ದೂ ಅಲ್ಲೇ. ಮೇಲಿನ ದವಡೆಯಲ್ಲಿ ನಾಲ್ಕು ಹೆಚ್ಚುವರಿ ಹಲ್ಲುಗಳಿದ್ದವು, ಅದರಿಂದ ಮುಂಹಲ್ಲು ಉಬ್ಬಿತ್ತು. ದುಡ್ಡು ಬಂದ ಮೇಲೂ ಕೀಳಿಸಲಿಲ್ಲ. ದನಿ ಕೆಟ್ಟೀತು ಎಂಬ ಹೆದರಿಕೆ.

2016ರಲ್ಲಿ ಯುರೋಪಿನ ಕೆಲವು ದನಿವಿಜ್ಞಾನಿಗಳು ಇವರ ಧ್ವನಿಮುದ್ರಣಗಳನ್ನು ಅಳೆದು ನೋಡಿದರು. ಸಂದರ್ಶನಗಳಲ್ಲಿ ಮಾತಾಡುವಾಗಿನ ಸರಾಸರಿ ಶ್ರುತಿ ಸುಮಾರು 117 ಹರ್ಟ್ಸ್, ಅಂದರೆ ನಡುಮಟ್ಟದ ಬ್ಯಾರಿಟೋನ್ ದನಿ. ಅಂಥ ಗಂಟಲಿನಿಂದ ಜೀವನವಿಡೀ ಅದಕ್ಕಿಂತ ಮೇಲಿನ ಟೆನರ್ ಎತ್ತರದಲ್ಲಿ ಹಾಡಿದರು. ಸ್ವರವನ್ನು ನಡುಗಿಸುವ ವೇಗ ಸೆಕೆಂಡಿಗೆ ಏಳರ ಹತ್ತಿರ. ಸಾಮಾನ್ಯವಾಗಿ ತರಬೇತಾದ ಗಾಯಕರದು ಐದೂವರೆಯಿಂದ ಏಳರೊಳಗೆ. ನಾಲ್ಕು ಸ್ಥಾಯಿ ಹಾಡುತ್ತಿದ್ದರು ಎಂಬ ದಂತಕಥೆಗೆ ಮಾತ್ರ ಆಧಾರ ಸಿಗಲಿಲ್ಲ. ಇನ್ನೂ ಒಂದು ಕೆಲಸ ಮಾಡಿದರು: ಒಬ್ಬ ರಾಕ್ ಗಾಯಕನಿಂದ ಫ್ರೆಡ್ಡಿಯ ಹಾಗೆ ಹಾಡಿಸಿ, ಗಂಟಲೊಳಗೆ ಕ್ಯಾಮೆರಾ ಇಳಿಸಿ, ಸೆಕೆಂಡಿಗೆ 4,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಆ ಗುರುಗುಡುವ ಬಿರುಸಿನಲ್ಲಿ ಧ್ವನಿತಂತುಗಳ ಜೊತೆಗೆ ಅವುಗಳ ಮೇಲಿರುವ ಹುಸಿ ತಂತುಗಳೂ ಅದುರುತ್ತಿದ್ದವು. ಮಾತಿನಲ್ಲಾಗಲಿ ಸಾಮಾನ್ಯ ಹಾಡುಗಾರಿಕೆಯಲ್ಲಾಗಲಿ ಅವಕ್ಕೆ ಕೆಲಸವೇ ಇರುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿ? ನನ್ನ ಕಿವಿಗೆ ಒಂದೇ ಕಡೆ: ನಡುಕವನ್ನು ಹಿಡಿತದಲ್ಲಿ ಇಡದಿರುವುದು. ಒಪೆರಾ ಶಿಕ್ಷಕರಿದ್ದಿದ್ದರೆ ಮೊದಲ ವರ್ಷವೇ ಅದನ್ನು ತಿದ್ದುತ್ತಿದ್ದರು. ಸ್ಪೇನಿನ ಒಪೆರಾ ಗಾಯಕಿ ಮೋಂಟ್ಸೆರಾಟ್ ಕಬಾಯೆ ಜೊತೆ ಹಾಡಿದ ‘ಬಾರ್ಸೆಲೋನಾ’ ಕೇಳಿ. ಆಕೆಯ ನಡುಕ ಅಲೆಯಂತೆ ಸಮನಾಗಿ ಬರುತ್ತದೆ, ಇವರದು ಗಾಬರಿಗೊಂಡಂತೆ ಓಡುತ್ತದೆ. ಇಬ್ಬರೂ ದೊಡ್ಡವರೇ. ಆದರೆ ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂಬ ಅನುಮಾನ ಒಂದು ಗಳಿಗೆಯೂ ಬರುವುದಿಲ್ಲ.

ಕಡಲತಡಿ ರೇಡಿಯೋ:

ಫ್ರೆಡ್ಡಿ ಬರುವುದಕ್ಕೆ ಎರಡನೇ ಉತ್ತರದವರೆಗೆ ಕಾಯಬೇಕಾಯಿತೇ? ಸಂಯಮ ಮೆಚ್ಚಿದೆ.

ಎಲ್ಲರೂ ಎತ್ತರದ ಕಡೆಗೇ ಓಡುತ್ತೀರಿ, ನಾನು ಮಂದ್ರಕ್ಕೆ ಹೋಗುತ್ತೇನೆ. ಕ್ಯಾರನ್ ಕಾರ್ಪೆಂಟರ್. ತಮ್ಮನ್ನು ಡ್ರಮ್ ಬಾರಿಸುವವಳು ಎಂದುಕೊಂಡಿದ್ದ ಈಕೆಗೆ ಹೆಣ್ಣುದನಿಯಲ್ಲಿ ಅಪರೂಪವಾದ, ತೀರಾ ತಗ್ಗಿನ ಕಾಂಟ್ರಾಲ್ಟೋ ಕಂಠ. 1971ರ ‘ಸೂಪರ್‌ಸ್ಟಾರ್’ ಕೇಳಿ. ಮೊದಲ ಚರಣದ ತಗ್ಗಿನ ಸ್ವರಗಳು ಪಕ್ಕದಲ್ಲೇ ಕುಳಿತವರು ಹೇಳಿಕೊಂಡ ಹಾಗಿವೆ. ವಾದ್ಯಗಳಿಗೆ ದಾರಿ ತೋರಿಸಲೆಂದು ಮೊದಲ ಸಲ ಸುಮ್ಮನೆ ಹಾಡಿದ್ದನ್ನೇ ಉಳಿಸಿಕೊಂಡೆವು ಎಂದು ಅಣ್ಣ ರಿಚರ್ಡ್ ಹೇಳಿದ್ದಾರೆ.

ಇದು ಮೈಕಿಗೆಂದೇ ಹುಟ್ಟಿದ ಗಾಯನ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವ ಮೊದಲು ಹಾಡುವವರು ತುತ್ತೂರಿಯೊಳಗೆ ಕೂಗಬೇಕಿತ್ತು, ಸಭಾಂಗಣದ ಕೊನೆಯ ಸಾಲಿಗೆ ದನಿ ಮುಟ್ಟಿಸಬೇಕಿತ್ತು. ಒಪೆರಾದವರು ಗಂಟಲಿನ ಆಕಾರವನ್ನೇ ಬದಲಿಸಿಕೊಂಡು 3,000 ಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿ ತುಂಬುವುದು ಅದಕ್ಕೇ. ವಾದ್ಯವೃಂದದ ಸದ್ದು ಅಲ್ಲಿ ತೆಳುವಾಗಿರುತ್ತದೆ, ದನಿ ಮೇಲೆದ್ದು ಕೇಳಿಸುತ್ತದೆ. ಮೈಕು ಬಂದು ಆ ಹಂಗು ತಪ್ಪಿಸಿತು. ಬಿಂಗ್ ಕ್ರಾಸ್ಬಿಯಂಥವರು ಪಿಸುದನಿಯಲ್ಲೇ ಲಕ್ಷಾಂತರ ಜನರನ್ನು ತಲುಪಿದರು. ಮೇಲಾಗಿ ಎಷ್ಟೋ ಮೈಕುಗಳಿಗೆ ಬಾಯಿ ಹತ್ತಿರ ತಂದಷ್ಟೂ ಕೆಳಸ್ವರ ದಪ್ಪವಾಗುವ ಗುಣವಿದೆ. ಕ್ಯಾರನ್ ಅದನ್ನು ಬಳಸಿಕೊಂಡಷ್ಟು ಚೆಂದವಾಗಿ ಬೇರೆ ಯಾರೂ ಬಳಸಿಲ್ಲ. ತೆರೆದ ಬಯಲಿನಲ್ಲಿ ಮೈಕಿಲ್ಲದೆ ಆಕೆ ಹಾಡಿದ್ದರೆ ಹತ್ತನೇ ಸಾಲಿಗೆ ಕೇಳುತ್ತಿರಲಿಲ್ಲ. ಹಾಗಾಗಿ ‘ಕೊರತೆ’ ಎನ್ನುವ ಮೊದಲು, ಯಾವ ಅಂಗಳದಲ್ಲಿ ಕೊರತೆ ಎಂದು ಕೇಳಬೇಕು.

ನಿಷ್ಠುರವಾದಿ:

ಒಳ್ಳೆಯ ಮಾತುಗಳು. ಆದರೆ ಈ ಚರ್ಚೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಇನ್ನು ಎರಡು ಉತ್ತರಗಳಲ್ಲಿ ಬಾಬ್ ಡಿಲನ್ ಬರುತ್ತಾರೆ. ‘ಮೂಗಿನ ದನಿಯಾದರೂ ಏನು ಭಾವ’ ಎನ್ನುತ್ತೀರಿ. ಹಾಡಲು ಬಾರದಿರುವುದನ್ನು ಶೈಲಿ ಎಂದು ಕರೆಯುವ ಈ ಚಾಳಿ ನನಗೆ ಒಗ್ಗುವುದಿಲ್ಲ. ಕವಿ ಒಳ್ಳೆಯವರು, ಸರಿ, 2016ರಲ್ಲಿ ಸಾಹಿತ್ಯದ ನೊಬೆಲ್ ಕೊಟ್ಟರು. ಗಾಯನಕ್ಕೆ ಕೊಡಲಿಲ್ಲವಲ್ಲ.

ಕ್ಯಾಸೆಟ್ಟಿನ ಎರಡನೇ ಬದಿ:

ಡಿಲನ್ ಹೆಸರು ಮೊದಲು ತಂದದ್ದು ನೀವೇ ಎಂದು ದಾಖಲಾಗಲಿ.

ಮಿಕ್ಸಿಂಗ್ ಮೇಜು:

@ನಿಷ್ಠುರವಾದಿ, 1969ರ ‘ನ್ಯಾಶ್ವಿಲ್ ಸ್ಕೈಲೈನ್’ ಆಲ್ಬಮ್ ಕೇಳಿದ್ದೀರಾ? ಅದರಲ್ಲಿ ಹಾಡಿರುವುದು ಅದೇ ಮನುಷ್ಯ ಎಂದು ಹೇಳಿದರೆ ನಂಬುವುದು ಕಷ್ಟ. ದುಂಡಗಿನ, ಬೆಣ್ಣೆಯಂಥ ದನಿ. ಸಿಗರೇಟು ಬಿಟ್ಟಿದ್ದರಿಂದ ಹೀಗಾಯಿತು ಎಂದು ಡಿಲನ್ನರೇ ಹೇಳಿದ್ದರು, ಎಷ್ಟು ನಿಜವೋ. ಅದೇನೇ ಇರಲಿ, ನುಣುಪಾಗಿ ಹಾಡುವುದು ಅವರಿಂದ ಆಗುತ್ತಿತ್ತು. ಆಗುತ್ತಿದ್ದರೂ ಆ ದಾರಿಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಅಂದಮೇಲೆ ಆ ಮೂಗಿನ ದನಿ ಆಯ್ಕೆಯಾಗಿತ್ತು.

ಡಿಲನ್ನರ ಹಾಡುಗಾರಿಕೆ ಇರುವುದು ಸ್ವರದಲ್ಲಲ್ಲ, ಕಾಲದಲ್ಲಿ. 1965ರ ‘ಲೈಕ್ ಎ ರೋಲಿಂಗ್ ಸ್ಟೋನ್’ ತೆಗೆದುಕೊಳ್ಳಿ. ಸಾಲಿನ ಕೊನೆಯ ಸ್ವರವನ್ನು ಎಳೆದು, ತಾಳಕ್ಕೆ ಸ್ವಲ್ಪ ಹಿಂದೆ ಬಿಟ್ಟು, ಮುಂದಿನ ಸಾಲಿನ ಐದಾರು ಪದಗಳನ್ನು ಒಂದೇ ಉಸಿರಿಗೆ ತುರುಕುತ್ತಾರೆ. ಚುಚ್ಚುವ ಪದ ಬಂದಾಗ ಸ್ವರ ಮೇಲೇರುತ್ತದೆ. ಜಗಳ ತೆಗೆದವರು ಮಾತಾಡುವುದು ಹಾಗೇ. ಇದೇ ಹಾಡನ್ನು ಸೊಗಸಾದ ಕಂಠದವರು ಹಾಡಿದ್ದನ್ನು ಕೇಳಿದ್ದೇನೆ. ಸ್ವರ ಕೂರುತ್ತದೆ, ಕೋಪ ಎದ್ದು ಹೋಗುತ್ತದೆ.

ನಿಷ್ಠುರವಾದಿ:

ಕಾಲಪ್ರಮಾಣದ ಮಾತು ಒಪ್ಪಿದೆ. ಆದರೆ ಕಾಲಪ್ರಮಾಣವೂ ಇದ್ದು ಕಂಠವೂ ಇದ್ದರೆ ಏನು ನಷ್ಟ? ರಾಯ್ ಆರ್ಬಿಸನ್ ಕೇಳಿ. 1961ರ ‘ರನಿಂಗ್ ಸ್ಕೇರ್ಡ್’. ಪಲ್ಲವಿ ಇಲ್ಲ, ಮರಳಿ ಬರುವ ಸಾಲಿಲ್ಲ. ಬೊಲೆರೋ ಎಂಬ ಸ್ಪ್ಯಾನಿಷ್ ಕುಣಿತದ ಲಯದಲ್ಲಿ ಎರಡು ನಿಮಿಷ ಮೆಟ್ಟಿಲು ಹತ್ತುತ್ತಾ ಹೋಗಿ, ತುದಿಯ ಸ್ವರವನ್ನು ಕಳ್ಳದನಿಯಲ್ಲಿ ಮುಟ್ಟಿ ತಪ್ಪಿಸಿಕೊಳ್ಳದೆ ತುಂಬುಕಂಠದಲ್ಲಿ ನಿಲ್ಲಿಸುತ್ತಾರೆ. ಅಲ್ಲಿಗೆ ಹಾಡು ಮುಗಿಯಿತು. ಸ್ಟುಡಿಯೋದಲ್ಲಿದ್ದ ವಾದ್ಯಗಾರರೇ ಬೆರಗಾದರಂತೆ. ಅದಕ್ಕೂ ಹಿಂದಿನ ಕತೆ ಇನ್ನೂ ಚೆಂದ. ಮೆಲುದನಿಯ ಆರ್ಬಿಸನ್ ವಾದ್ಯಗಳ ನಡುವೆ ಮುಳುಗಿಹೋಗುತ್ತಿದ್ದರು ಎಂದು, ಕೋಟು ತೂಗುಹಾಕುವ ಚೌಕಟ್ಟನ್ನು ಮರೆಯಾಗಿ ನಿಲ್ಲಿಸಿ ಅದರ ಹಿಂದೆ ಹಾಡಿಸಿದ್ದರು. ಅಂಥ ಮೆಲುದನಿಯವರು ಕೊನೆಗೆ ವಾದ್ಯವೃಂದವನ್ನೇ ಮೀರಿ ನಿಂತರು. ಕಪ್ಪು ಕನ್ನಡಕ, ಅಲುಗಾಡದ ಮೈ, ಮುಖದಲ್ಲಿ ಏನೂ ಇಲ್ಲ, ಇದ್ದದ್ದೆಲ್ಲ ಗಂಟಲಿನಲ್ಲಿ. ಗುರುತೂ ಇದೆ, ಗಾಯನವೂ ಇದೆ.

ಹುಬ್ಬಳ್ಳಿಯವಳು:

ಆರ್ಬಿಸನ್ ಬಗ್ಗೆ ಯಾರಿಗೂ ತಕರಾರಿಲ್ಲ ಬಿಡಿ. ನಾನು ಬೇರೆ ಬಾಗಿಲು ತೆರೆಯುತ್ತೇನೆ.

ವೇಲ್ಸ್‌ನ ಬಾನಿ ಟೈಲರ್. 1970ರ ದಶಕದ ನಡುವಿನಲ್ಲಿ ಅವರ ಧ್ವನಿತಂತುಗಳ ಮೇಲೆ ಗಂಟುಗಳಾಗಿ ಶಸ್ತ್ರಚಿಕಿತ್ಸೆ ನಡೆಯಿತು. ವಾರಗಟ್ಟಲೆ ಮಾತೇ ಆಡಬಾರದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಒಂದು ದಿನ ರೇಗಿ ಕಿರುಚಿಬಿಟ್ಟರು. ದನಿ ಒರಟಾಗಿ ಉಳಿಯಿತು. ಕತೆ ಮುಗಿಯಿತು ಎಂದುಕೊಂಡಿರುವಾಗ 1977ರಲ್ಲಿ ‘ಇಟ್ಸ್ ಎ ಹಾರ್ಟೇಕ್’ ಬಂದು ಗೆದ್ದಿತು, 1983ರಲ್ಲಿ ‘ಟೋಟಲ್ ಎಕ್ಲಿಪ್ಸ್ ಆಫ್ ದಿ ಹಾರ್ಟ್’ ಲೋಕವನ್ನೇ ಸುತ್ತಿತು. ಈ ಎರಡನೆಯದನ್ನು ಗಮನಿಸಿ. ಮೆಲ್ಲಗೆ ಶುರುವಾಗುವಾಗ ದನಿಯ ಒರಟು ಕೆಮ್ಮಿನಂತೆ ಅಡ್ಡ ಬರುತ್ತದೆ. ವಾದ್ಯಗಳು ಮೈದುಂಬಿದ ಮೇಲೆ ಅದೇ ಒರಟು ಇಂಧನವಾಗುತ್ತದೆ.

ನಮ್ಮೂರಿನವರಿಗೆ ಈ ಕತೆ ಹೊಸದಲ್ಲ. ಗಂಗೂಬಾಯಿ ಹಾನಗಲ್ಲರ ಆರಂಭದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ತೊಂದರೆ, ಟಾನ್ಸಿಲ್ ಚಿಕಿತ್ಸೆಯ ನಂತರ ದನಿ ತಗ್ಗಿಗೆ ಇಳಿಯಿತು. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಗಂಡಸು ಎಂದುಕೊಳ್ಳುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಆ ಗಡಸು ಕಂಠದಲ್ಲೇ ಕಿರಾಣಾ ಘರಾಣೆಯ ವಿಲಂಬಿತವನ್ನು ಎಷ್ಟು ತೂಕವಾಗಿ ಹಾಡಿದರೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಟೈಲರ್‌ಗೂ ಗಂಗಜ್ಜಿಗೂ ಸಂಗೀತದಲ್ಲಿ ಯಾವ ನಂಟೂ ಇಲ್ಲ. ಆದರೆ ಇಬ್ಬರೂ ಹಳೆಯ ದನಿಗಾಗಿ ಅಳುತ್ತಾ ಕೂರದೆ, ಸಿಕ್ಕ ದನಿ ಏನು ಕೊಡಬಲ್ಲದು ಎಂದು ನೋಡಿದರು.

ಗಂಟಲು ವೈದ್ಯೆ:

ವೃತ್ತಿಯ ಕಾರಣಕ್ಕೆ ಇಲ್ಲಿ ಸ್ವಲ್ಪ ತಣ್ಣೀರು ಎರಚಬೇಕಾಗಿದೆ. ಇದನ್ನು ಓದಿ ಯಾವುದಾದರೂ ಕಾಲೇಜು ಬ್ಯಾಂಡಿನ ಹುಡುಗ, ಹುಡುಗಿ ಗಂಟಲು ಕೆರೆದುಕೊಂಡರೆ ಒಳ್ಳೆಯ ದನಿ ಬರುತ್ತದೆ ಎಂದುಕೊಳ್ಳಬಾರದು. ಒಬ್ಬ ಟೈಲರ್ ಗೆದ್ದರು ಎಂದರೆ ಗಂಟು ಬಂದು ವೇದಿಕೆಯನ್ನೇ ಬಿಟ್ಟವರು ಲೆಕ್ಕವಿಲ್ಲದಷ್ಟು. ಜೂಲಿ ಆಂಡ್ರೂಸ್ 1997ರಲ್ಲಿ ಧ್ವನಿತಂತುಗಳ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಾಡುವ ದನಿಯನ್ನು ಕಳೆದುಕೊಂಡರು. ಅಡೆಲ್ ಅವರಿಗೆ 2011ರಲ್ಲಿ ಬಾಸ್ಟನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ವಾಪಸು ಬಂದರು. ಅದಕ್ಕೆ ವೈದ್ಯರ ಕೈಚಳಕದಷ್ಟೇ ಆಮೇಲಿನ ಕಟ್ಟುನಿಟ್ಟಿನ ಮೌನವೂ ಕಾರಣ.

ಮೇಲೆ ‘ತಾರಷಡ್ಜ’ ಅವರು ಹೇಳಿದ ಹುಸಿ ತಂತುಗಳ ವಿಷಯ ಮುಖ್ಯ. ನುರಿತ ರಾಕ್ ಗಾಯಕರು ಎಷ್ಟೋ ಜನ ನಿಜವಾದ ತಂತುಗಳನ್ನು ಉಜ್ಜದೆ, ಅವುಗಳ ಮೇಲಿನ ಭಾಗಗಳನ್ನು ಅದುರಿಸಿ ಒರಟು ಸದ್ದು ಹುಟ್ಟಿಸುತ್ತಾರೆ. ಅದಕ್ಕೇ ದಶಕಗಟ್ಟಲೆ ಹಾಡುತ್ತಾರೆ. ಅದು ಕಲಿಕೆಯಿಂದ ಬರುವ ವಿದ್ಯೆ. ಹಾಡಿದ ಮಾರನೆಯ ದಿನವೂ ದನಿ ಬಿದ್ದೇ ಇದ್ದರೆ ಅದು ಶೈಲಿಯಲ್ಲ, ಊತ.

ಅರಮನೆ ಮೈದಾನ:

ದಶಕಗಟ್ಟಲೆ ಹಾಡಿದವರು ಎಂದಾಗ ಐರನ್ ಮೇಡನ್ ತಂಡದ ಗಾಯಕ ಬ್ರೂಸ್ ಡಿಕಿನ್ಸನ್ ಬರಬೇಕು. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅಲ್ಲಿದ್ದವರು ಈ ಕೂಟದಲ್ಲೂ ಅನೇಕರಿದ್ದೀರಿ. ಆ ಮಟ್ಟದ ಹೆವಿ ಮೆಟಲ್ ತಂಡವೊಂದು ನಮ್ಮ ದೇಶಕ್ಕೆ ಬಂದದ್ದೇ ಮೊದಲು. ಮೂರು ಗಿಟಾರುಗಳ ಗೋಡೆಯ ಮೇಲೆ ಹತ್ತಿ ನಿಂತಂತಿತ್ತು ಆ ದನಿ. ಓಡುತ್ತಾ, ಹಾರುತ್ತಾ, ಒಂದು ಸ್ವರವೂ ಜಾರದೆ. ಧ್ವನಿಮುದ್ರಣದಲ್ಲಿ ಕೇಳುವಾಗ ಸ್ಟುಡಿಯೋದ ಕೈವಾಡ ಇರಬಹುದು ಎಂಬ ಅನುಮಾನ ಇತ್ತು, ಅಂದು ತೀರಿತು.

2014ರ ಕೊನೆಯಲ್ಲಿ ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 2015ರಲ್ಲಿ ಬಂದ ‘ದಿ ಬುಕ್ ಆಫ್ ಸೋಲ್ಸ್’ ಆಲ್ಬಮ್ಮಿನ ಹಾಡುಗಳನ್ನೆಲ್ಲ ಅದಕ್ಕೆ ಮೊದಲೇ, ಗೆಡ್ಡೆ ಗಂಟಲಲ್ಲಿ ಇದ್ದಾಗಲೇ ಹಾಡಿ ಮುಗಿಸಿದ್ದರು. ವಿಕಿರಣ, ಕೀಮೋ ಮುಗಿಸಿ 2016ರಲ್ಲಿ ಮತ್ತೆ ವೇದಿಕೆ ಹತ್ತಿದರು.

ಅದೇ ಮೈದಾನದಲ್ಲಿ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್, ಮಳೆಯಲ್ಲಿ. ಮಿಕ್ ಜಾಗರ್‌ಗೆ ಡಿಕಿನ್ಸನ್‌ರ ಕಾಲುಭಾಗ ಕಂಠವೂ ಇಲ್ಲ. ಆದರೂ ತುಟಿಯಿಂದ ಪದವನ್ನು ಅಗಿದು ಉಗುಳುವ ಆ ರೀತಿ ಬೇರೆ ಯಾರಿಗಿದೆ?

ಇಪ್ಪತ್ತರ ಕಿವಿ:

ಇಲ್ಲಿ ಎಲ್ಲರೂ ನನ್ನ ಅಪ್ಪನ ವಯಸ್ಸಿನವರು ಅನಿಸುತ್ತಿದೆ. ನಾನು ಕೇಟ್ ಬುಶ್ ಅವರನ್ನು ಕಂಡುಕೊಂಡದ್ದು 2022ರಲ್ಲಿ, ನನ್ನ ವಯಸ್ಸಿನ ಎಲ್ಲರ ಹಾಗೆ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಅಮೆರಿಕನ್ ಧಾರಾವಾಹಿಯಿಂದ. 1985ರ ‘ರನಿಂಗ್ ಅಪ್ ದಟ್ ಹಿಲ್’ ಮೂವತ್ತೇಳು ವರ್ಷಗಳ ನಂತರ ಬ್ರಿಟನ್ನಿನ ಪಟ್ಟಿಯ ತುದಿಗೆ ಏರಿತು. ಆಮೇಲೆ ಹಿಂದಕ್ಕೆ ಹೋಗಿ 1978ರ ‘ವದರಿಂಗ್ ಹೈಟ್ಸ್’ ಕೇಳಿದೆ. ಮೊದಲಿಗೆ ನಗು ಬಂತು. ಅಷ್ಟು ಎತ್ತರದ, ಕೀಚಲು ಎನ್ನಬಹುದಾದ ದನಿ. ಬಿಡದೆ ಕೇಳಿದ ಮೇಲೆ ಹೊಳೆಯಿತು: ಅದೇ ಹೆಸರಿನ ಕಾದಂಬರಿಯಲ್ಲಿ ಕಿಟಕಿಯಾಚೆ ನಿಂತು ಒಳಗೆ ಬಿಡು ಎಂದು ಬೇಡುವ ಸತ್ತ ಹೆಂಗಸಿನ ಪಾತ್ರ ಅದು. ದೆವ್ವ ಹೇಗೆ ಹಾಡಬೇಕೋ ಹಾಗೆ ಹಾಡಿದ್ದಾರೆ. ಆಗ ಆಕೆಗೆ ಹತ್ತೊಂಬತ್ತು ವರ್ಷ. ಧ್ವನಿಮುದ್ರಣ ಕಂಪನಿ ಬೇರೆ ಹಾಡನ್ನು ಮೊದಲು ಬಿಡುಗಡೆ ಮಾಡಬೇಕು ಎಂದಿತ್ತು, ಇದೇ ಆಗಬೇಕೆಂದು ಹಟ ಹಿಡಿದರು. ಹೆಣ್ಣೊಬ್ಬಳು ತಾನೇ ಬರೆದು ಹಾಡಿದ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದದ್ದು ಅದೇ ಮೊದಲು.

ಈಗ ಒಂದು ಪ್ರಶ್ನೆ. ನನ್ನ ತಲೆಮಾರಿನ ಹಾಡುಗಳಲ್ಲಿ ಅರ್ಧಕ್ಕರ್ಧ ದನಿ ಆಟೋಟ್ಯೂನ್‌ನಲ್ಲಿ ಅದ್ದಿ ತೆಗೆದದ್ದು. ಅಲ್ಲಿ ಗುರುತು ಎಂಬುದಕ್ಕೆ ಅರ್ಥವಿದೆಯೇ?

ಮಿಕ್ಸಿಂಗ್ ಮೇಜು:

ಇದೆ. ಆಟೋಟ್ಯೂನ್ ಕಂಡುಹಿಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಕಂಪನಿಗಳಿಗೆ ನೆಲದಡಿಯ ಅಲೆಗಳನ್ನು ವಿಶ್ಲೇಷಿಸಿಕೊಡುತ್ತಿದ್ದವರು. ಆ ಗಣಿತವನ್ನೇ ದನಿಗೆ ತಿರುಗಿಸಿದರು, 1997ರಲ್ಲಿ ತಂತ್ರಾಂಶ ಮಾರುಕಟ್ಟೆಗೆ ಬಂತು. ಉದ್ದೇಶ ಶ್ರುತಿ ತಪ್ಪಿದ್ದನ್ನು ಗೊತ್ತಾಗದಂತೆ ತಿದ್ದುವುದು. ಮರುವರ್ಷವೇ ಶೇರ್ ಅವರ ‘ಬಿಲೀವ್’ ಹಾಡಿನಲ್ಲಿ ತಿದ್ದುವ ವೇಗವನ್ನು ಕೊನೆಯ ತುದಿಗೆ ತಿರುಗಿಸಿದರು. ಸ್ವರದಿಂದ ಸ್ವರಕ್ಕೆ ಜಾರಬೇಕಾದ ದನಿ ಮೆಟ್ಟಿಲು ಮೆಟ್ಟಿಲಾಗಿ ನೆಗೆಯಿತು. ಗುಟ್ಟು ಬಿಟ್ಟುಕೊಡಬಾರದೆಂದು ನಿರ್ಮಾಪಕರು ಮೊದಮೊದಲು ಬೇರೆ ಯಾವುದೋ ಉಪಕರಣದ ಹೆಸರು ಹೇಳಿದ್ದರು. ಕಂಪನಿಯವರು ಅದನ್ನು ತೆಗೆಯಿರಿ ಎಂದಾಗ ಶೇರ್ ಒಪ್ಪಲಿಲ್ಲ.

ಅಲ್ಲಿ ಕೆಲಸ ಮಾಡಿರುವುದು ಶೇರ್ ಅವರ ದಪ್ಪ, ತಗ್ಗಿನ ಕಂಠ. ಅಷ್ಟು ಗುರುತುಳ್ಳ ದನಿಯನ್ನು ಯಂತ್ರ ಮುರಿದಾಗ ಮುರಿದದ್ದು ಕಿವಿಗೆ ಗೊತ್ತಾಗುತ್ತದೆ. ಗುರುತೇ ಇಲ್ಲದ ದನಿಯ ಮೇಲೆ ಅದೇ ಯಂತ್ರ ಇಟ್ಟರೆ ಯಂತ್ರ ಮಾತ್ರ ಕೇಳಿಸುತ್ತದೆ. ನನಗೆ ಬೇಸರ ತರುವುದು ಗೊತ್ತಾಗುವ ಆಟೋಟ್ಯೂನ್ ಅಲ್ಲ, ಗೊತ್ತಾಗದ ಆಟೋಟ್ಯೂನ್. ಲೆನನ್ನರ ಆ ‘ಟ್ವಿಸ್ಟ್ ಅಂಡ್ ಶೌಟ್’ ಇಂದು ಮುದ್ರಣವಾಗಿದ್ದರೆ ಯಾರೋ ಸಹಾಯಕರು ಮಧ್ಯಾಹ್ನದ ಊಟಕ್ಕೆ ಮೊದಲು ಅದನ್ನು ‘ಸರಿಪಡಿಸಿ’ ಬಿಡುತ್ತಿದ್ದರು.

ಕಟ್ಟೆ ವಕೀಲ:

ದನಿಯ ಗುರುತು ಎಂಬುದು ಕೇಳುಗರ ಕಲ್ಪನೆಯಷ್ಟೇ ಅಲ್ಲ, ಅಮೆರಿಕದ ನ್ಯಾಯಾಲಯಗಳೂ ಒಪ್ಪಿಕೊಂಡಿವೆ. ಬೆಟ್ ಮಿಡ್ಲರ್ ತಮ್ಮ ಹಾಡನ್ನು ಕಾರಿನ ಜಾಹೀರಾತಿಗೆ ಹಾಡಲು ಒಪ್ಪಲಿಲ್ಲ. ಜಾಹೀರಾತು ಸಂಸ್ಥೆಯವರು ಹಾಡಿನ ಹಕ್ಕು ಪಡೆದು, ಹಿಂದೆ ಮಿಡ್ಲರ್ ಅವರ ಹಿನ್ನೆಲೆಯಲ್ಲಿ ಹಾಡುತ್ತಿದ್ದವರನ್ನೇ ಕರೆದು, ಆದಷ್ಟು ಅವರಂತೆಯೇ ಹಾಡಿ ಎಂದರು. ಜನ ಮೋಸಹೋದರು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಮಿಡ್ಲರ್ ಪರ ನಿಂತಿತು: ದನಿ ಮುಖದಷ್ಟೇ ಒಬ್ಬರ ಸ್ವಂತದ್ದು, ಪ್ರಸಿದ್ಧ ಗಾಯಕಿಯ ದನಿಯನ್ನು ಮಾರಾಟಕ್ಕಾಗಿ ಬೇಕೆಂದೇ ಅನುಕರಿಸಿದರೆ ಅದು ತಪ್ಪು ಎಂಬ ಅರ್ಥದ ತೀರ್ಪು. ಮುಂದೆ 4,00,000 ಡಾಲರ್ ಪರಿಹಾರ ಸಿಕ್ಕಿತು.

ಅದರ ಬೆನ್ನಿಗೇ ಟಾಮ್ ವೇಟ್ಸ್. ಬೂರ್ಬನ್ ವಿಸ್ಕಿ ಕುಡಿದು ಜಲ್ಲಿಕಲ್ಲು ಮುಕ್ಕಳಿಸಿದಂಥ ಆ ದನಿಯನ್ನು ಅನುಕರಿಸಿ ಡೋರಿಟೋಸ್ ಚಿಪ್ಸ್ ಜಾಹೀರಾತು ಬಂತು. ಜಾಹೀರಾತುಗಳಿಗೆ ಹಾಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿಕೊಂಡು ಬಂದಿದ್ದ ವೇಟ್ಸ್ ಕೋರ್ಟಿಗೆ ಹೋದರು. 1990ರಲ್ಲಿ ಜ್ಯೂರಿ ಎರಡು ದಶಲಕ್ಷ ಡಾಲರಿಗೂ ಮೀರಿದ ಪರಿಹಾರ ಕೊಟ್ಟಿತು, 1992ರಲ್ಲಿ ಮೇಲಿನ ನ್ಯಾಯಾಲಯ ಅದರ ಬಹುಪಾಲನ್ನು ಎತ್ತಿಹಿಡಿಯಿತು. ಕಂಪ್ಯೂಟರ್ ಯಾರ ದನಿಯನ್ನು ಬೇಕಾದರೂ ಕದಿಯುವ ಈ ಕಾಲದಲ್ಲಿ ವಕೀಲರು ಈ ಎರಡು ಹಳೆಯ ಕಡತಗಳನ್ನು ಮತ್ತೆ ಮತ್ತೆ ತೆರೆಯುತ್ತಿದ್ದಾರೆ.

ನಿಷ್ಠುರವಾದಿ:

ವೇಟ್ಸ್ ಕೂಡ ಬಂದರು. ಇನ್ನು ಲೆನರ್ಡ್ ಕೋಹೆನ್ ಬಾಕಿ.

ಕಡಲತಡಿ ರೇಡಿಯೋ:

ಬಂದೇ ಬರಲಿ. ಕೋಹೆನ್‌ಗೆ ತಮ್ಮ ಕಂಠದ ಬಗ್ಗೆ ನಿಮಗಿಂತ ಚೆನ್ನಾಗಿ ಗೊತ್ತಿತ್ತು. 1988ರ ಹಾಡೊಂದರಲ್ಲಿ ತಮಗೆ ಚಿನ್ನದ ದನಿಯ ವರವಿದೆ ಎಂದು ತಾವೇ ಗೇಲಿ ಮಾಡಿಕೊಂಡಿದ್ದಾರೆ. ವಯಸ್ಸಾದಂತೆ ಆ ದನಿ ಇಳಿಯುತ್ತಾ ಇಳಿಯುತ್ತಾ ನೆಲಕ್ಕೇ ತಾಗಿತು. ಕೊನೆಯ ಆಲ್ಬಮ್ಮನ್ನು ಮನೆಯಲ್ಲೇ, ಬೆನ್ನುನೋವಿನಲ್ಲಿ ಕುರ್ಚಿಯಿಂದ ಏಳಲಾರದೆ ಹಾಡಿದರು; ಮಗ ಆಡಮ್ ಜೊತೆಗಿದ್ದರು. 2016ರ ಅಕ್ಟೋಬರ್ 21ರಂದು ಅದು ಬಂತು, ನವೆಂಬರ್ 7ರಂದು ತೀರಿಕೊಂಡರು. ಅಲ್ಲಿ ಸ್ವರಸಂಚಾರ ಎಂಬುದೇ ಇಲ್ಲವೆನ್ನಬಹುದು. ಮಾತಿಗೂ ಹಾಡಿಗೂ ನಡುವಿನ ಗೆರೆಯ ಮೇಲೆ ಒಂದು ದನಿ ಕುಳಿತಿದೆ.

ಹುಬ್ಬಳ್ಳಿಯವಳು:

ಐರ್ಲೆಂಡಿನ ಇಬ್ಬರನ್ನು ಮರೆಯಬೇಡಿ. ಕ್ರ್ಯಾನ್‌ಬೆರೀಸ್ ತಂಡದ ಡೊಲೋರೆಸ್ ಒ’ರಿಯಾರ್ಡನ್ ಲಿಮರಿಕ್ ಕಡೆಯ ಉಚ್ಚಾರಣೆಯನ್ನು ಕೊಂಚವೂ ಮುಚ್ಚಿಡದೆ ಹಾಡಿದವರು. ಇಂಗ್ಲೆಂಡಿನ ವಾರಿಂಗ್ಟನ್‌ನಲ್ಲಿ 1993ರಲ್ಲಿ ಬಾಂಬ್ ಸಿಡಿದು ಇಬ್ಬರು ಹುಡುಗರು ಸತ್ತ ಮೇಲೆ ಬರೆದ ‘ಜಾಂಬೀ’ ಹಾಡಿನಲ್ಲಿ, ಎದೆದನಿಯಿಂದ ತಲೆದನಿಗೆ ಪಟ್ಟನೆ ಮುರಿಯುವ ಆ ಒಡಕನ್ನು ಮತ್ತೆ ಮತ್ತೆ ಬಳಸುತ್ತಾರೆ. ತರಬೇತಾದವರು ಆ ಬೆಸುಗೆ ಕಾಣದಂತೆ ಉಜ್ಜುತ್ತಾರೆ. ಡೊಲೋರೆಸ್ ಅದನ್ನೇ ತೋರಿಸಿದರು. ನನಗೆ ಕೇಳಿಸುವುದು ಸಾವಿನ ಮನೆಯ ಹೆಂಗಸರ ಗೋಳಾಟ.

ಸಿನೇಡ್ ಒ’ಕಾನರ್ ಬೇರೆ ಬಗೆ. 1990ರಲ್ಲಿ ಗೆದ್ದ ‘ನಥಿಂಗ್ ಕಂಪೇರ್ಸ್ ಟು ಯು’ ಬರೆದದ್ದು ಪ್ರಿನ್ಸ್, ಆದರೆ ಅದು ಇಂದು ಸಿನೇಡ್ ಅವರ ಹಾಡು. ಪಿಸುಮಾತಿನಿಂದ ಕೂಗಿಗೆ ಹೋಗಲು ಬೇರೆಯವರಿಗೆ ಒಂದು ಚರಣ ಬೇಕು, ಆಕೆಗೆ ಒಂದು ಪದ ಸಾಕಾಗುತ್ತಿತ್ತು.

ಕಟ್ಟೆ ವಕೀಲ:

ಕನ್ನಡದ ರಾಕ್ ದನಿಗಳ ಬಗ್ಗೆಯೂ ಬರೆಯೋಣವೇ? ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ತಂದ ರಘು ದೀಕ್ಷಿತ್ ಕಲಿತದ್ದು ಭರತನಾಟ್ಯ, ಸಂಗೀತವಲ್ಲ. ಅದೇ ಪದಗಳನ್ನು ಅದಕ್ಕೂ ಮೊದಲು ಸಿ. ಅಶ್ವತ್ಥ್ ಹಾರ್ಮೋನಿಯಂ ಮುಂದೆ ಕುಳಿತು ಹಾಡುವಾಗ ಇದ್ದ ಬಿರುಸು ಯಾವ ರಾಕ್ ಗಾಯಕನಿಗೂ ಕಡಿಮೆಯದಲ್ಲ.

ಕ್ಯಾಸೆಟ್ಟಿನ ಎರಡನೇ ಬದಿ:

ಅದಕ್ಕೆ ಬೇರೆ ಚರ್ಚೆಯೇ ಬೇಕು, ಇಲ್ಲಿ ಸೇರಿಸಿದರೆ ಎರಡಕ್ಕೂ ಅನ್ಯಾಯ. ನೀವೇ ಶುರುಮಾಡಿ.

ಇಲ್ಲಿ ಇನ್ನೂ ಬಾರದಿರುವ ಇಬ್ಬರು ನನ್ನ ತಲೆಯಲ್ಲಿದ್ದಾರೆ. ಇಬ್ಬರೂ ತಂಡದ ಸದಸ್ಯರಲ್ಲ, ದಿನಗೂಲಿಯಂತೆ ಕರೆಸಿಕೊಂಡವರು. ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನಲ್ಲಿ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಹಾಡನ್ನು ಪದಗಳೇ ಇಲ್ಲದೆ ಹಾಡಿದ ಕ್ಲೇರ್ ಟೋರಿ ಮೊದಲನೆಯವರು. ಭಾನುವಾರದ ಕೆಲಸವೆಂದು 30 ಪೌಂಡ್ ಕೊಟ್ಟರು. ಸಾವಿನ ಕುರಿತ ಸಂಗೀತ ಎಂದಷ್ಟೇ ಹೇಳಿ, ಏನು ಹಾಡಬೇಕೆಂದು ಹೇಳಲಿಲ್ಲ. ನನ್ನನ್ನೇ ಒಂದು ವಾದ್ಯ ಎಂದುಕೊಂಡು ಹಾಡಿದೆ ಎಂದು ಆಕೆ ನಂತರ ಹೇಳಿಕೊಂಡಿದ್ದಾರೆ. ಇದನ್ನು ಬಳಸಲಾರರು ಎಂದುಕೊಂಡೇ ಮನೆಗೆ ಹೋದರು. ಅಂಗಡಿಯಲ್ಲಿ ತಟ್ಟೆಯ ಮೇಲೆ ತಮ್ಮ ಹೆಸರು ಕಂಡಾಗಲೇ ಗೊತ್ತಾದದ್ದು. 2004ರಲ್ಲಿ ದಾವೆ ಹೂಡಿ, ಮರುವರ್ಷ ರಾಜಿಯಾಗಿ, ಈಗ ಆ ಹಾಡಿನ ರಚನೆಯಲ್ಲಿ ಅವರ ಹೆಸರೂ ಇದೆ. ಮೂವತ್ತು ವರ್ಷಕ್ಕೂ ಮೇಲೆ ಬೇಕಾಯಿತು.

ಇನ್ನೊಬ್ಬರು ಮೆರಿ ಕ್ಲೇಟನ್. 1969ರಲ್ಲಿ ರೋಲಿಂಗ್ ಸ್ಟೋನ್ಸ್ ಲಾಸ್ ಏಂಜಲೀಸ್‌ನಲ್ಲಿ ‘ಗಿಮ್ಮಿ ಶೆಲ್ಟರ್’ ಮುಗಿಸುತ್ತಿದ್ದರು. ಹೆಣ್ಣುದನಿ ಬೇಕೆಂದು ನಡುರಾತ್ರಿ ಫೋನು ಹೋಯಿತು. ತುಂಬು ಗರ್ಭಿಣಿ, ಮಲಗಲು ಹೊರಟಿದ್ದವರು, ತಲೆಗೂದಲಿಗೆ ಸುರುಳಿ ಸುತ್ತಿಕೊಂಡೇ ಬಂದು, ಕೆಲವೇ ಸಲ ಹಾಡಿ ಹೊರಟರು. ಅದರ ಬೆನ್ನಿಗೇ ಗರ್ಭಪಾತವಾಯಿತು. ಬಹಳ ಕಾಲ ಆ ಹಾಡು ಅವರಿಗೆ ಕೇಳಲಾಗದ ಹಾಡಾಗಿತ್ತು.

ಇಪ್ಪತ್ತರ ಕಿವಿ:

ಯಾವ ಜಾಗದಲ್ಲಿ ಕೇಳಬೇಕು? ನಿಮ್ಮ ನಿಯಮವನ್ನು ನೀವೇ ಮುರಿದಿದ್ದೀರಿ.

ಕ್ಯಾಸೆಟ್ಟಿನ ಎರಡನೇ ಬದಿ:

ಮೂರನೇ ನಿಮಿಷದ ಆಸುಪಾಸು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾ ಏರುವಾಗ ದನಿ ಒಂದು ಕಡೆ ಸಣ್ಣಗೆ ಬಿರಿಯುತ್ತದೆ. ಮುಂದಿನ ಸಲ ಅದೇ ಜಾಗದಲ್ಲಿ ಪೂರ್ತಿ ಸೀಳುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಆ ಬಿರುಕಿನ ಬೆನ್ನಿಗೆ ಹಿಂದೆಲ್ಲೋ ಜಾಗರ್ ತಡೆಯಲಾರದೆ ‘ವೂ’ ಎನ್ನುವುದೂ ಕೇಳಿಸುತ್ತದೆ. ಅದನ್ನು ಯಾರೂ ಅಳಿಸಲಿಲ್ಲ.

ನಿಷ್ಠುರವಾದಿ:

ಈಗಷ್ಟೇ ಕೇಳಿದೆ. ಅಲ್ಲಿ ದನಿ ಒಡೆಯುವುದು ಸ್ವರವನ್ನು ಮುಟ್ಟಿದ ಮೇಲೆ. ಮುಟ್ಟಲಾರದೆ ಒಡೆಯುವುದಕ್ಕೂ ಅದಕ್ಕೂ ಬಹಳ ಅಂತರವಿದೆ, ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ. ಕ್ಲೇಟನ್ ಸೈ. ಡಿಲನ್ ವಿಷಯ ನಾಳೆ ಮುಂದುವರಿಸೋಣ.